ಸಾಹೇಬರ ಅಪ್ಪಣೆಯಂತೆ ಶಿಮ್ಲಾ

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ: ಆ ಫೋನು ಮಾಡಿದ ಕತ್ತೆ ನಾನೇ. ನಮ್ಮಪ್ಪನ ಸಾಹೇಬರ ದನಿ ತೆಗೆದು ನಮ್ಮಪ್ಪನಿಗೇ ಫೋನು ಮಾಡಿ, ರಜೆ ಹಾಕಿ, ಹೆಂಡತಿ ಮಗನನ್ನು ಕರೆದುಕೊಂಡು ಶಿಮ್ಲಾಕ್ಕೆ ಹೋಗಿ ಬರ್ಫ ನೋಡಿ ಬನ್ನಿ ಎಂದು ಅಪ್ಪಣೆ ಕೊಟ್ಟವನು ನಾನು. ಸಂಜೆ ಮನೆಗೆ ಹೋಗಿ, ವಿಷಯ ಬಿಚ್ಚಿ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವುದು ಎಂದು ನನ್ನ ಲೆಕ್ಕಾಚಾರವಿತ್ತು. ಮನೆಗೆ ಹೋದೆ. ನಗುವುದಕ್ಕೆ ಸಂದೇ ಸಿಗಲಿಲ್ಲ.

ಇದನ್ನು ಇಷ್ಟು ವರ್ಷ ನುಂಗಿಕೊಂಡಿದ್ದೆ. ಈಗ ಯಾಕೆ ಹೇಳುತ್ತಿದ್ದೀಯಪ್ಪ ಅಂದರೆ, ಕಾರಣ ಒಂದು ಫ್ರಿಜ್.

ನಾಗಪುರದ ಹತ್ತಿರದ ಬುಟಿಬೋರಿಯ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿದ ಮೇಲೆ, ಈ ಬೇಸಿಗೆಯಲ್ಲಿ ನಮ್ಮ ಮನೆಗೆ ಫ್ರಿಜ್ ಬಂತು. ನಾಗಪುರದ ಬೇಸಿಗೆಯನ್ನು ನೀವು ಕಂಡಿದ್ದರೆ ಮುಂದಿನ ಮಾತು ನಂಬುತ್ತೀರಿ, ಕಾಣದಿದ್ದರೆ ನಿಮ್ಮ ಪುಣ್ಯ. ಮೊದಲ ವಾರವೆಲ್ಲ ನಾವು ಅದರಲ್ಲಿ ತರಕಾರಿ ಇಡಲಿಲ್ಲ. ನಮ್ಮ ಮುಖಗಳನ್ನೇ ಇಟ್ಟೆವು. ಅದರಲ್ಲೂ ಅಪ್ಪ. ಮಧ್ಯಾಹ್ನ ಊಟವಾದ ಮೇಲೆ ಮೆಲ್ಲಗೆ ಹೋಗಿ, ಮೇಲಿನ ಬರ್ಫದ ಖಾನೆ ತೆಗೆದು, ಕನ್ನಡಕ ಹಣೆಗೇರಿಸಿ, ಗರ್ಭಗುಡಿಯೊಳಗೆ ಇಣುಕುವವರ ಹಾಗೆ ನಿಂತುಬಿಡುತ್ತಾರೆ. ಅಡುಗೆಮನೆಯಿಂದ ಅವ್ವನ ಮಂಗಳಾರತಿ ಶುರುವಾಗುತ್ತದೆ: "ರೀ, ಅದನ್ನ ನೀರಿಗೆ ತಂದಿದ್ದೋ, ನಿಮ್ಮ ಮಾರಿಗೆ ತಂದಿದ್ದೋ? ಕರೆಂಟ್ ಸುಡತೈತಿ, ಬಾಗಲಾ ಹಾಕ್ರಿ!"

ಮೊನ್ನೆ ಅಪ್ಪ ಹಾಗೆ ನಿಂತಿದ್ದಾಗ ನಾನೂ ಹಿಂದಿನಿಂದ ಹೋಗಿ ಮೂಗು ತೂರಿಸಿದೆ. ಒಳಗೆ ಬೆಳ್ಳಗೆ ಕಟ್ಟಿಕೊಂಡಿದ್ದ ಹಿಮದಿಂದ ಒಂದು ವಾಸನೆ ಬಂತು. ಒದ್ದೆ ಕಲ್ಲಿನದೋ, ತಣ್ಣನೆಯ ಕಬ್ಬಿಣದ್ದೋ, ಹೇಳುವುದು ಕಷ್ಟ. ಆದರೆ ಆ ವಾಸನೆ ನನಗೆ ಗೊತ್ತಿತ್ತು. ಮೂಗಿನ ತುದಿಯಿಂದ ಸೀದಾ ಶಿಮ್ಲಾದ ಹಾದಿಗೆ ಹೋಗಿ ಬಿದ್ದೆ.

ನಮ್ಮ ಮನೆಯವರನ್ನು ನಿಮಗೆ ಪರಿಚಯ ಮಾಡಿಸಬೇಕು. ದೊಡ್ಡ ಸಂಸಾರವೇನಲ್ಲ, ಮೂರೇ ಜನ. ಅಪ್ಪ ನಾಗಪುರದ ಹೊರವಲಯದ ಒಂದು ಸರಕಾರಿ ಕಾರ್ಖಾನೆಯಲ್ಲಿ ಸ್ಟೋರ್ಸ್ ವಿಭಾಗದ ಗುಮಾಸ್ತರು. ಕರ್ನಾಟಕದಿಂದ ವರ್ಗವಾಗಿ ಬಂದವರು ಇಲ್ಲೇ ಬೇರು ಬಿಟ್ಟರು. ಮಹಾ ಪುಕ್ಕಲು ಮನುಷ್ಯ. ಪುಕ್ಕಲು ಎಂದರೆ ಹಾವಿಗೆ ಹೆದರುವವರಲ್ಲ, ಕ್ವಾರ್ಟರ್ಸಿನ ಹಿತ್ತಲಲ್ಲಿ ಬಂದ ಹಾವನ್ನು ಅವರೇ ಕೋಲಿನಿಂದ ಎತ್ತಿ ಆಚೆ ಬಿಟ್ಟಿದ್ದರು. ಹೆದರುತ್ತಿದ್ದದ್ದು ಸಾಹೇಬರೊಬ್ಬರಿಗೆ. ಸಾಹೇಬರ ಕೋಣೆಯೊಳಗೆ ಹೋಗುವ ಮುಂಚೆ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುವರು. ಮೇಲಿನ ಗುಂಡಿ ಮೊದಲೇ ಹಾಕಿದ್ದರೆ ತೆಗೆದು ಮತ್ತೆ ಹಾಕುವರು. ಮೊಣಕಾಲು ನೋವಿನ ಮನುಷ್ಯ. ಆದರೂ ಸಾಹೇಬರ ಮುಂದೆ ಎಷ್ಟು ಹೊತ್ತು ಬೇಕಾದರೂ ಕಂಬದ ಹಾಗೆ ನಿಲ್ಲುವರು.

ಅವ್ವ ಬಾಗಲಕೋಟೆ ಕಡೆಯವಳು. ಬಂಡೆಯ ಮೇಲೆ ಹಪ್ಪಳ ಇಟ್ಟರೆ ತಾನೇ ಸುಟ್ಟುಕೊಳ್ಳುವಂಥ ಊರು. ಅಲ್ಲಿಂದ ಮದುವೆಯಾಗಿ ಬಂದದ್ದು ನಾಗಪುರಕ್ಕೆ. "ನನ್ನ ಒಂದು ಒಲಿಮ್ಯಾಲಿಂದ ಎತ್ತಿ ಇನ್ನೊಂದು ಒಲಿಮ್ಯಾಲೆ ಇಟ್ಟಾರ. ಆ ಒಲಿಗೆ ಕಟಗಿ, ಈ ಒಲಿಗೆ ಕಲ್ಲಿದ್ದಲಿ, ಇಷ್ಟಽ ಫರಕು," ಎನ್ನುತ್ತಾಳೆ. ಸದರ್ ಪೇಟೆಯ ಔಷಧದಂಗಡಿಯವನು ಒಂದು ವರ್ಷ ಒಂದು ಕ್ಯಾಲೆಂಡರು ಕೊಟ್ಟಿದ್ದ. ಅದರಲ್ಲಿ ಬೆಟ್ಟ, ದೇವದಾರು ಮರ, ಮೈತುಂಬ ಹಿಮ. ವರ್ಷ ಮುಗಿದು ತಾರೀಖಿನ ಹಾಳೆಗಳೆಲ್ಲ ಹೋದರೂ ಚಿತ್ರವನ್ನು ಅವ್ವ ಒಲೆಯ ಮೇಲಿನ ಗೋಡೆಯಿಂದ ಇಳಿಸಲಿಲ್ಲ. ಒಗ್ಗರಣೆ ಸಿಡಿದು ಸಿಡಿದು ಆ ಹಿಮದ ಮೇಲೆಲ್ಲ ಅರಿಶಿನದ ಚುಕ್ಕಿ. ರೊಟ್ಟಿ ಬಡಿಯುತ್ತ ಅದನ್ನು ನೋಡುವಳು. "ಬಿದ್ದದ್ದು ಚಿತ್ರದಾಗ ನೋಡೇನಿ. ಬೀಳೂದು ಒಮ್ಮಿ ನೋಡಬೇಕು," ಎನ್ನುವಳು. ಅಪ್ಪ, "ಬರೂ ವರ್ಷ," ಎನ್ನುವರು. ಸರಕಾರವೇ ರೈಲಿನ ಖರ್ಚು ಕೊಡುವ ಪ್ರವಾಸದ ಸವಲತ್ತು ಅಪ್ಪನಿಗಿತ್ತು. ಕೆಲವು ವರ್ಷಕ್ಕೊಮ್ಮೆ ಬರುವುದು. ಗಡುವಿನೊಳಗೆ ಬಳಸದಿದ್ದರೆ ಹೋಯಿತು. ಆದರೆ ಬರ್ಫ ಬೀಳುವುದು ಡಿಸೆಂಬರಿನಲ್ಲಿ, ಸ್ಟೋರ್ಸಿನ ಸಾಮಾನು ತಪಾಸಣೆ ನಡೆಯುವುದೂ ಡಿಸೆಂಬರಿನಲ್ಲಿ. ಸಾಹೇಬರ ಮುಂದೆ ನಿಂತು ಡಿಸೆಂಬರಿನಲ್ಲಿ ರಜೆ ಕೇಳುವುದೇ? ಅಪ್ಪನಿಗೆ ಆ ಮಾತು ನೆನೆದರೇ ಗುಂಡಿಯ ಮೇಲೆ ಕೈ ಹೋಗುತ್ತಿತ್ತು. ಹಾಗಾಗಿ "ಬರೂ ವರ್ಷ". ಆ ಫೋನಿನ ವರ್ಷದ ಕೊನೆಗೆ ಸವಲತ್ತಿನ ಗಡುವು ಮತ್ತೊಮ್ಮೆ ಮುಗಿಯುವುದಿತ್ತು.

ಮೂರನೆಯವನು ನಾನು. ಆಗ ಕಾಲೇಜಿನ ಕೊನೆಯ ವರ್ಷ. ದೇವರು ನನಗೆ ಸ್ವಂತದ್ದೊಂದು ದನಿ ಕೊಡಲು ಮರೆತು, ತಪ್ಪಿಗೆ ದಂಡವೆಂಬಂತೆ ಊರಿನವರೆಲ್ಲರ ದನಿಯನ್ನೂ ಕೊಟ್ಟುಬಿಟ್ಟಿದ್ದ. ಕಾಮಠಿ ಬಸ್ಸಿನ ಕಂಡಕ್ಟರು, ಬೆಕ್ಕನ್ನು ಕರೆಯುವ, ನಾವು ಕಾಕು ಎನ್ನುವ ಪಕ್ಕದ ಮನೆಯಾಕೆ, ನೀರು ಮುಗಿದ ಕೂಲರು, ಯಾರದು ಬೇಕು ಹೇಳಿ. ಕಾಮಠಿಯ ದಂಡಿನಲ್ಲಿದ್ದ ಮಿಲಿಟರಿ ಕನ್ನಡದವರು ರಾಜ್ಯೋತ್ಸವಕ್ಕೆ ಸೇರಿದಾಗ ನನ್ನನ್ನು ಕುರ್ಚಿಯ ಮೇಲೆ ನಿಲ್ಲಿಸಿ ಮಾಡಿಸುತ್ತಿದ್ದರು. ಕನ್ನಡ ಓದಲು ಕೊಟ್ಟರೆ ತಡವರಿಸುತ್ತಿದ್ದೆ, ಅದು ಬೇರೆ ಮಾತು. ಅವ್ವ ನನ್ನನ್ನು ಕರೆಯುತ್ತಿದ್ದದ್ದು "ಮಂಗ್ಯಾ" ಎಂದು. ಅದು ಬೈಗುಳವಲ್ಲ, ಉದ್ಯೋಗ.

ಸಾಹೇಬರ ದನಿ ನನ್ನ ಅಂಗಡಿಯ ದುಬಾರಿ ಮಾಲು. ಕೊಡದ ತಳದಿಂದ ಬಂದಂಥ ದಪ್ಪ ದನಿ. ಪ್ರತಿ ವಾಕ್ಯಕ್ಕೂ ಮುಂಚೆ ಎರಡು ಕೆಮ್ಮು. ಕಾರ್ಖಾನೆಯ ಪೂಜೆಯ ದಿನ ಅವರ ಭಾಷಣ ಕೇಳಿ ಕಲಿತದ್ದು. ಅವರದು ಇನ್ನೊಂದು ಗುಣವಿತ್ತು, ಅದನ್ನು ಅಪ್ಪನೇ ಹೇಳುತ್ತಿದ್ದರು: ಸತ್ತರೂ "ನಾನು ಮರೆತೆ" ಎಂದು ಒಪ್ಪಿಕೊಳ್ಳುವ ಪೈಕಿ ಅಲ್ಲ.

ಆ ನವೆಂಬರಿನ ಒಂದು ರವಿವಾರ, ಸದರಿನಲ್ಲಿ ಗೆಳೆಯನ ಮಾವನ ಟೈಲರಿಂಗ್ ಅಂಗಡಿಯಲ್ಲಿ ಕೂತಿದ್ದೆ. ಅಲ್ಲೊಂದು ಫೋನು. ಕೈ ಕಡಿಯಿತು, ನಂಬರು ತಿರುಗಿಸಿದೆ. ನಮ್ಮ ಮನೆಯಲ್ಲಿ ಫೋನಿರಲಿಲ್ಲ; ಪಕ್ಕದ ಮನೆ ಕಾಕು ಕರೆದರೆ ಅಲ್ಲಿ ಹೋಗಿ ಮಾತಾಡಬೇಕು. ಕಾಕು ಮರಾಠಿಯವರು, ಯಾರ ಫೋನು ಬಂದರೂ ಬೆಂಕಿ ಬಿದ್ದಂತೆ ಕೂಗುವರು. "ಅಹೋ ಭಾವುಜೀ! ಸಾಹೇಬಾಂಚಾ ಫೋನ್!" ಎಂದು ಅವರು ಕೂಗಿದ್ದು ಫೋನಿನಲ್ಲೇ ನನಗೆ ಕೇಳಿಸಿತು. ಆಮೇಲೆ ಚಪ್ಪಲಿಯ ದಡಬಡ. ಆಮೇಲೆ ಅಪ್ಪನ "ಸರ್!"

ಆ "ಸರ್" ಕೇಳಿದೊಡನೆ ನನಗೆ ಕಣ್ಣಿಗೆ ಕಟ್ಟಿತು: ಕಾಕುವಿನ ಪಡಸಾಲೆ, ಕಿಟಕಿಯ ಪಕ್ಕದ ಬೆತ್ತದ ಕುರ್ಚಿ ಖಾಲಿ, ಅದರ ಮಗ್ಗುಲಲ್ಲಿ ನೋಯುವ ಮೊಣಕಾಲಿನ ಅಪ್ಪ ನೆಟ್ಟಗೆ. ಎರಡು ಸಲ ಕೆಮ್ಮಿ, "ಬೈಠಿಯೇ, ಬೈಠಿಯೇ. ಬೈಠ್ ಕೇ ಬಾತ್ ಕೀಜಿಯೇ," ಅಂದೆ. ಕೂತುಕೊಂಡು ಮಾತಾಡಿ, ಅಂತ. ಸ್ವಲ್ಪ ಹೊತ್ತಾದ ಮೇಲೆ ಬೆತ್ತದ ಕುರ್ಚಿ ಕಿರ್ರ್ ಎಂದಿತು. ಮತ್ತೆರಡು ಕೆಮ್ಮು ಕೆಮ್ಮಿ ಹಿಂದಿಯಲ್ಲಿ ಮುಂದುವರಿಸಿದೆ: ಬಹಳ ದಿನದಿಂದ ರಜೆ ತೆಗೆದುಕೊಂಡಿಲ್ಲ ನೀವು. ಡಿಸೆಂಬರಿನಲ್ಲಿ ಶಿಮ್ಲಾಕ್ಕೆ ಹೋಗಿ. ಮನೆಯವರಿಗೆ ಬರ್ಫ ತೋರಿಸಿ. ಇದು ನನ್ನ ಆರ್ಡರ್. ಅಪ್ಪ, "ಜೀ ಸರ್... ಜೀ," ಅಂದರು. ಫೋನಿಟ್ಟೆ. ಟೈಲರ ಮಾವ ಹೊಲಿಗೆ ನಿಲ್ಲಿಸಿ ನಕ್ಕ ನಗುವಿಗೆ ಬಾಯೊಳಗಿನ ಗುಂಡುಸೂಜಿ ನುಂಗದೆ ಉಳಿದದ್ದು ಆತನ ಹಿರಿಯರ ಪುಣ್ಯ.

ಸಂಜೆ ಮನೆಗೆ ಹೋದರೆ, ಅಟ್ಟದ ಮೇಲಿನ ಟ್ರಂಕು ನೆಲಕ್ಕಿಳಿದಿತ್ತು. ಅವ್ವ ಹಾಸಿಗೆ ಸುತ್ತುವ ಹೋಲ್ಡಾಲಿನ ಧೂಳು ಕೊಡವುತ್ತಿದ್ದಳು. ನನ್ನನ್ನು ಕಂಡದ್ದೇ, "ಮಂಗ್ಯಾ! ಸಾಹೇಬ್ರು ತಾವಽ ಫೋನ್ ಮಾಡಿ ಶಿಮ್ಲಾಕ್ಕ ಹೋಗ್ರಿ ಅಂದಾರ!" ಎಂದಳು. ಅವಳ ಮುಖ ನೋಡಿದೆ. ಆ ಮುಖದ ಮುಂದೆ ನಿಂತು, "ಅದು ನಾನಽ ಮಾಡಿದ್ದು, ತಮಾಷಿಗೆ," ಎಂದು ನೀವಾದರೂ ಹೇಳುತ್ತಿದ್ದಿರಾ? ನಾನು ಹೋಲ್ಡಾಲಿನ ಇನ್ನೊಂದು ತುದಿ ಹಿಡಿದು ಧೂಳು ಕೊಡವಿದೆ.

ಮಾರನೆಯ ದಿನ ಅಪ್ಪ ಸಾಹೇಬರಿಗೆ ಥ್ಯಾಂಕ್ಸ್ ಹೇಳಲು ಹೊರಟರು. ಗುಂಡಿ ತೆಗೆದು ಹಾಕಿದರು. ನಾನು ಜ್ವರ ಬಂದವರ ಹಾಗೆ ಚಾದರ ಹೊದ್ದು ಮಲಗಿದೆ. ಸಾಹೇಬರು "ಯಾವ ಫೋನು?" ಎಂದು ಒಂದು ಮಾತು ಕೇಳಿದರೆ ಮುಗಿಯಿತು. ಅಪ್ಪನ ಮರ್ಯಾದೆ, ಅವ್ವನ ಬರ್ಫ, ನನ್ನ ಬೆನ್ನು, ಮೂರೂ ಒಂದೇ ಏಟಿಗೆ.

ಸಂಜೆ ಅಪ್ಪ ಬಂದು ಶರಟು ಬಿಚ್ಚುತ್ತ ವರದಿ ಒಪ್ಪಿಸಿದರು. ಎಲ್ಲರೆದುರಿಗೆ ಕೈ ಮುಗಿದು, "ಸರ್, ನಿನ್ನೆ ಫೋನಿನಲ್ಲಿ ಅಷ್ಟು ಪ್ರೀತಿಯಿಂದ ಹೇಳಿದಿರಿ, ನನ್ನ ಹೆಂಡತಿ ಕಣ್ಣೀರು ಹಾಕಿದಳು," ಅಂದರಂತೆ. ಸಾಹೇಬರು ಫ್ಯಾನಿನ ಕಡೆ ನೋಡಿದರಂತೆ. ಕಿಟಕಿಯ ಕಡೆ ನೋಡಿದರಂತೆ. ಎರಡು ಸಲ ಕೆಮ್ಮಿ, "ಹಾಂ ಹಾಂ, ಬೋಲಾ ಥಾ, ಬೋಲಾ ಥಾ. ಕಬ್ ಜಾ ರಹೇ ಹೋ?" ಅಂದರಂತೆ. ಚಾದರದೊಳಗೆ ನನ್ನ ಜ್ವರ ಇಳಿಯಿತು. ನನ್ನ ಜೀವಮಾನದ ಅತ್ಯಂತ ದೊಡ್ಡ ಸುಳ್ಳಿಗೆ ಸಾಹೇಬರು ಸ್ವತಃ ಸಹಿ ಹಾಕಿದ್ದರು.

ಡಿಸೆಂಬರಿನ ಕೊನೆಗೆ ಹೊರಟೆವು. ಸಾಮಾನು ಏನೇನು ಅಂದಿರಿ? ಹೋಲ್ಡಾಲು, ಟ್ರಂಕು, ಅವ್ವನ ಕಟಕ ರೊಟ್ಟಿಯ ಡಬ್ಬಿ, ಖಾರದ ಶೇಂಗಾ ಹಿಂಡಿ, ಮೂವರಿಗೂ ಕಿವಿ ಮುಚ್ಚುವ ಮಂಕಿ ಟೋಪಿ. ಇಷ್ಟೂ ಸರಿ. ಆದರೆ ಅಪ್ಪ ಒಂದು ಬಿದಿರಿನ ಬುಟ್ಟಿ ತುಂಬ ಕಿತ್ತಳೆ ತಂದು ನಿಲ್ಲಿಸಿದರು. ನಾಗಪುರದಿಂದ ಹೊರಗೆ ಹೊರಟವರು ಸಂತ್ರಿ ಹಣ್ಣು ಒಯ್ಯದೆ ಹೋಗುವುದಿಲ್ಲ, ಅದಿಲ್ಲಿಯ ಪದ್ಧತಿ. ಹೋದ ಮನೆಯವರು ಮುಖಕ್ಕಿಂತ ಮೊದಲು ಕೈ ನೋಡುತ್ತಾರೆ. ಆದರೆ ಹೋದ ಮನೆ ಅಂತ ಒಂದು ಇರಬೇಕಲ್ಲ?

"ಅಪ್ಪಾ, ಶಿಮ್ಲಾದಾಗ ನಮಗ ಯಾರು ಗೊತ್ತದಾರ? ಯಾರಿಗೆ ಕೊಡವರು ನೀವು?"

"ಯಾರರ ಸಿಕ್ಕಽ ಸಿಗತಾರ. ಬರೀ ಕೈಲೆ ಹೋಗೂದು ಚಲೋ ಕಾಣಂಗಿಲ್ಲ."

ಆ ಬುಟ್ಟಿ ಹೊರುವ ಜವಾಬ್ದಾರಿ ಯಾರ ತಲೆಗೆ ಬಂತು ಎಂದು ಹೇಳಬೇಕಾಗಿಲ್ಲ.

ಗ್ವಾಲಿಯರ್ ದಾಟುವವರೆಗೆ ಎಲ್ಲ ಸುಸೂತ್ರ. ಆಮೇಲೆ ಮಂಜು ಕವಿಯಿತು. ಕಿಟಕಿಯಾಚೆ ಯಾರೋ ಬಿಳಿ ಪಂಚೆ ಕಟ್ಟಿದ ಹಾಗೆ. ಗಾಡಿ ಎರಡು ಹೆಜ್ಜೆ ಹೋಗುವುದು, ನಿಲ್ಲುವುದು. ಯಾವುದೋ ಸ್ಟೇಷನ್ನಿನಲ್ಲಿ ಚಹಾದವನು ಕಾಣುತ್ತಿಲ್ಲ, ಕೂಗು ಮಾತ್ರ ಕೇಳುತ್ತಿದೆ. ನನಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ಅದೇ ಕೂಗು ಹಾಕಿದೆ. ರೈಲಿನ ಡಬ್ಬಿಯುದ್ದಕ್ಕೂ ಕಿಟಕಿಗಳಿಂದ ಲೋಟ ಹಿಡಿದ ಕೈಗಳು ಹೊರಬಂದವು. ನಿಜವಾದ ಚಹಾದವನು ಮಂಜಿನೊಳಗಿಂದ ಬಂದು ನನ್ನ ಕಿಟಕಿ ಹುಡುಕಿ, ನನ್ನ ವಂಶವನ್ನು ಹಿಂದಿಯಲ್ಲಿ ಉದ್ಧಾರ ಮಾಡಿ ಹೋದ. ಆ ಹಿಂದಿಯನ್ನೂ ಕಲಿತುಕೊಂಡೆ.

ದಿಲ್ಲಿ ಮುಟ್ಟುವ ಹೊತ್ತಿಗೆ, ಶಿಮ್ಲಾ ಬೆಟ್ಟದ ಬುಡದ ಊರಾದ ಕಾಲಕಾದ ಗಾಡಿ ನಮ್ಮ ದಾರಿ ಕಾಯದೆ ಹೋಗಿಬಿಟ್ಟಿತ್ತು. ಮುಂದಿನ ಗಾಡಿಗೆ ಇಡೀ ದಿನ ಕಾಯಬೇಕು. ತಂಗುವ ಕೋಣೆ ತುಂಬಿ ಚೆಲ್ಲುತ್ತಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಹೋಲ್ಡಾಲು ಬಿಚ್ಚಿ ಕೂತೆವು. ನೆಲದ ಚಳಿ ಹೋಲ್ಡಾಲನ್ನೂ, ಸ್ವೆಟರನ್ನೂ, ನನ್ನ ದೇಶಾಭಿಮಾನವನ್ನೂ ದಾಟಿ ಎಲುಬಿಗೆ ಬಂತು. ನಾನು ಸೋತೆ. "ಅಪ್ಪಾ, ಇಲ್ಲೇ ಕೆಂಪು ಕೋಟಿ ನೋಡಿಕೊಂಡು ವಾಪಸ್ ಹೋಗೂಣು. ಕೋಟಿನೂ ಭಾರೀ ಐತಂತ," ಅಂದೆ.

ಅಪ್ಪ ಮಂಕಿ ಟೋಪಿಯೊಳಗಿಂದ ನನ್ನನ್ನೇ ನೋಡಿದರು. "ಸಾಹೇಬ್ರು ಬರ್ಫ ನೋಡಿ ಬರ್ರಿ ಅಂದಾರ. ಕೋಟಿ ನೋಡಿ ಬರ್ರಿ ಅಂದಿಲ್ಲ. ನಾಳೆ ಅವರು ಕೇಳಿದ್ರ ನಾ ಏನ್ ಹೇಳ್ಲಿ? ನೀ ಬರ್ತೀಯೇನು ಹೇಳಾಕ?"

ನನ್ನ ಸುಳ್ಳು ನನ್ನ ಕತ್ತು ಹಿಡಿದು ಉತ್ತರಕ್ಕೆ ತಳ್ಳುತ್ತಿತ್ತು. ಅಲ್ಲಿಂದ ಮುಂದೆ ಅದೇ ಹಾಡು. ಕಾಲಕಾದಲ್ಲಿ ಆಟಿಕೆಯಂಥ ಪುಟ್ಟ ರೈಲು ಹತ್ತಲು ನೂಕುನುಗ್ಗಲು, ನಾನು ಗೊಣಗಿದೆ. "ಸಾಹೇಬ್ರು ಅಂದಾರ." ಸೀಟು ಸಿಗದೆ ಟ್ರಂಕಿನ ಮೇಲೆ ಕೂತೆ, ಗೊಣಗಿದೆ. "ಸಾಹೇಬ್ರು ಅಂದಾರ." ಸೇಡು ತೀರಿಸಿಕೊಳ್ಳಲು, ಗಾಡಿ ಒಂದು ಸುರಂಗದೊಳಗೆ ಹೊಕ್ಕು ಕತ್ತಲಾದಾಗ ಸಾಹೇಬರ ಎರಡು ಕೆಮ್ಮು ಕೆಮ್ಮಿದೆ. ಕತ್ತಲಲ್ಲಿ ಅಪ್ಪ "ಸರ್!" ಎಂದು ಎದ್ದು ನಿಂತದ್ದು, ಮೇಲಿನ ಹಲಗೆಗೆ ತಲೆ ಬಡಿದದ್ದು ಕೇಳಿಸಿತು. ಡಬ್ಬಿಗೆ ಡಬ್ಬಿಯೇ ನಕ್ಕಿತು. ಬೆಳಕು ಬಂದಾಗ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು; ಭುಜ ಮಾತ್ರ ಕುಣಿಯುತ್ತಿದ್ದವು.

ಶಿಮ್ಲಾ ಇನ್ನೇನು ಬಂತು ಎನ್ನುವಾಗ ಒಂದು ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ನಿಂತದ್ದು ಏಳಲೇ ಇಲ್ಲ. ಗಾರ್ಡು ಬಂದು ಸಾರಿದ: ಮುಂದೆ ಹಳಿಯ ಮೇಲೆ ಹಿಮ ಬಿದ್ದಿದೆ. ತೆಗೆಯುತ್ತಿದ್ದಾರೆ, ಯಾವಾಗ ಮುಗಿಯುತ್ತದೋ ಗೊತ್ತಿಲ್ಲ. ಈ ಗಾಡಿ ಇಲ್ಲಿಂದಲೇ ಕಾಲಕಾಕ್ಕೆ ಹಿಂದಿರುಗುತ್ತದೆ. ವಾಪಸ್ ಹೋಗುವವರು ಕೂತಿರಬಹುದು. ಶಿಮ್ಲಾಕ್ಕೇ ಹೋಗಬೇಕು ಎನ್ನುವವರು ನಡೆಯಬೇಕು, ಹಗಲಿರುವಾಗಲೇ.

ಕೆಳಗಿಳಿದು ನೋಡಿದೆವು. ಹಿಮ ಇತ್ತು. ಹಳಿಯ ಅಕ್ಕಪಕ್ಕ ಗುಡ್ಡೆ ಹಾಕಿದ್ದರು, ಮಸಿ ಹಿಡಿದು ಕಂದಾಗಿತ್ತು. ನಾನು ಕೂಡಲೇ ಘೋಷಿಸಿದೆ: "ಅವ್ವಾ, ನೋಡಿದಿಲ್ಲೋ ಬರ್ಫ? ಮುಗೀತು. ಹತ್ತು ಗಾಡಿ. ಬೆಚ್ಚಗ ಹೋಗೂಣು."

ಅವ್ವ ಬಗ್ಗಿ ಬೆರಳಿನಿಂದ ಮುಟ್ಟಿದಳು. ಅವಳ ಅವತಾರ ನೀವು ನೋಡಬೇಕಿತ್ತು: ಇಳಕಲ್ಲ ಸೀರೆ, ಅದರ ಮೇಲೆ ಅಪ್ಪನ ಹಳೆಯ ಸ್ವೆಟರು, ತಲೆಗೆ ಮಂಕಿ ಟೋಪಿ, ಟೋಪಿಯ ಮೇಲೆ ಸೆರಗು, ಕಾಲುಚೀಲದ ಮೇಲೆ ಚಪ್ಪಲಿ. ಚಪ್ಪಲಿಯ ಉಂಗುಟ ಕಾಲುಚೀಲವನ್ನು ಒಳಗೆ ಜಗ್ಗಿ, ಪ್ರತಿ ಪಾದವೂ ಆಡಿನ ಗೊರಸಿನ ಹಾಗೆ ಸೀಳಿತ್ತು. ಮೆಲ್ಲಗೆ ಎದ್ದು ಹೇಳಿದಳು: "ಇದು ಬಿದ್ದದ್ದು. ಬೀಳೂದಲ್ಲ." ಅಷ್ಟು ಹೇಳಿ ಅಪ್ಪನ ಮೊಣಕಾಲು ನೋಡಿದಳು. "ಇರ್ಲಿ ಬಿಡ್ರಿ. ಇಷ್ಟರ ನೋಡಿದ್ನಲ್ಲ. ನಿಮ್ಮ ಕಾಲು ನಡಿಯೂದಿಲ್ಲ. ಹೋಗೂಣು."

ಗಾಡಿ ಒಮ್ಮೆ ಸೀಟಿ ಹೊಡೆಯಿತು. ಅಪ್ಪ ನನ್ನ ಕಡೆ ತಿರುಗಿ, "ಬುಟ್ಟಿ ಹೊತ್ಕೋ," ಅಂದರು.

"ಅಪ್ಪಾ, ನಿಮ್ಮ ಕಾಲು..."

"ಸಾಹೇಬ್ರು ಶಿಮ್ಲಾ ಅಂದಾರ. ಬೋರ್ಡ್ ಓದು. ಇದು ಶಿಮ್ಲಾ ಏನು?"

ಟ್ರಂಕನ್ನೂ ಹೋಲ್ಡಾಲನ್ನೂ ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಬಿಟ್ಟು ಹೊರಟೆವು. ನಮ್ಮ ಬೆನ್ನ ಹಿಂದೆ ಬೆಚ್ಚನೆಯ ಗಾಡಿ ಕೆಳಗಿಳಿದು ಹೋದ ಸದ್ದು ಇವತ್ತಿಗೂ ನಾನು ಮಾಡಿ ತೋರಿಸಬಲ್ಲೆ. ಕಣ್ಣಲ್ಲಿ ನೀರು ಬರುವ ಹಾಗೆ ಮಾಡುತ್ತೇನೆ.

ಸ್ವಲ್ಪ ಮುಂದೆ ಹಳಿಯ ಮೇಲೆ ಹತ್ತು ಹನ್ನೆರಡು ಜನ ಸಲಿಕೆಯಿಂದ ಹಿಮ ಎತ್ತುತ್ತಿದ್ದರು. ನಮ್ಮನ್ನು ಕಂಡು ನಿಂತರು. ಮಂಕಿ ಟೋಪಿಯ ಮೂರು ಜನ, ನಡುವಿನವನ ತಲೆಯ ಮೇಲೆ ಬುಟ್ಟಿ, ಯಾರಾದರೂ ನಿಲ್ಲುತ್ತಾರೆ. ಅಪ್ಪನ ಮುಖ ಅರಳಿತು. "ಸಿಕ್ಕರು ನೋಡು!" ಎಂದು ಬುಟ್ಟಿ ಇಳಿಸಿದರು. ನಂಟರ ಮನೆ ಹೊಸ್ತಿಲಲ್ಲಿ ನಿಂತವರ ಹಾಗೆ, ಒಬ್ಬೊಬ್ಬರ ಕೈಗೂ ಎರಡೆರಡು ಕಿತ್ತಳೆ ಇಟ್ಟು, "ನಾಗಪುರ್ ಸೇ. ನಾಗಪುರ್ ಸೇ," ಅಂದರು. ಆ ಬಿಳುಪಿನಲ್ಲಿ ಆ ಬಣ್ಣ! ಅವರಲ್ಲೊಬ್ಬ ಸಿಪ್ಪೆ ಬಿಡಿಸಿ ಮೊದಲು ವಾಸನೆ ನೋಡಿದ, ಕಣ್ಣು ಮುಚ್ಚಿ. ಆಮೇಲೆ ಅವರು ನಮ್ಮನ್ನು ತಮ್ಮ ತಗಡಿನ ಗುಡಿಸಲಿಗೆ ಕರೆದು, ಬೆಂಕಿಯ ಮುಂದೆ ಕೂರಿಸಿ, ಉಪ್ಪೋ ಸಕ್ಕರೆಯೋ ತಿಳಿಯದಷ್ಟು ಬಿಸಿಯಾದ ಚಹಾ ಕೊಟ್ಟರು. ಅವ್ವ ರೊಟ್ಟಿಯ ಡಬ್ಬಿ ತೆಗೆದಳು. ಕಟಕ ರೊಟ್ಟಿ ಮುರಿದ ಸದ್ದಿಗೆ ಅವರೆಲ್ಲ ನಕ್ಕರು. ಹಿಂಡಿಯ ಖಾರಕ್ಕೆ ನಗು ನಿಲ್ಲಿಸಿದರು. ಹೊರಟಾಗ ಅವರಲ್ಲೊಬ್ಬ ನಮಗೆ ಅಡ್ಡದಾರಿ ತೋರಿಸಿ, ಅಪ್ಪನ ಕೈಗೆ ತನ್ನ ಕೋಲು ಕೊಟ್ಟ.

ಅಡ್ಡದಾರಿ ಏರುದಾರಿ. ಅರ್ಧ ಹತ್ತಿದ ಮೇಲೆ ಅಪ್ಪ ನಿಂತುಬಿಟ್ಟರು. ಮುಖ ಬಿಳುಚಿತ್ತು. ಮೊಣಕಾಲು ಬಗ್ಗಲು ಒಲ್ಲೆ ಎನ್ನುತ್ತಿತ್ತು. ಅವ್ವ ಅವರ ತೋಳು ಹಿಡಿದಳು. ಹಿಂದಿರುಗಲು ಗಾಡಿ ಇಲ್ಲ, ಮುಂದೆ ಹೋಗಲು ಕಾಲಿಲ್ಲ. ನನಗೆ ಮೊದಲ ಸಲ ನಿಜವಾಗಿ ಭಯವಾಯಿತು. ಒಂದು ತಮಾಷೆಗಾಗಿ ನಾನು ಇವರಿಬ್ಬರನ್ನು ಎಲ್ಲಿಗೆ ತಂದು ನಿಲ್ಲಿಸಿದೆ? ಬಾಯಿಗೆ ಬಂತು, ಹೇಳಿಬಿಡೋಣ ಎಂದು. ಅಷ್ಟರಲ್ಲಿ ಅಪ್ಪ ಕೋಲಿನ ಮೇಲೆ ಭಾರ ಹಾಕಿ ನನ್ನತ್ತ ನೋಡಿದರು.

"ಏಯ್, ನಿನಗ ನಮ್ಮ ಸಾಹೇಬ್ರ ದನಿ ಬರತೈತಲ್ಲ? ತೆಗಿ, ನೋಡೂಣು."

ಬುಟ್ಟಿಯನ್ನು ತಲೆಯ ಮೇಲೆ ಸರಿ ಮಾಡಿಕೊಂಡೆ. "ಈಗೇನು ಅಪ್ಪಾ..."

"ತೆಗಿ ಅಂದ್ರ ತೆಗಿ. ಆ ದನಿ ಕೇಳಿದ್ರ ಈ ಕಾಲು ತಾವಽ ನಡೀತಾವ. ಆದ್ರ ಕೂಡ್ರಿ ಗೀಡ್ರಿ ಅನ್ನಬ್ಯಾಡ ಮತ್ತ. ಇಲ್ಲೆ ಕೂತ್ರ ಏಳೂದು ಆಗಂಗಿಲ್ಲ."

ತುಟಿ ಮರಗಟ್ಟಿತ್ತು. ಎರಡು ಕೆಮ್ಮು ಸುಲಭವಾಗಿ ಬಂದವು, ಅವು ನಿಜವಾದ ಕೆಮ್ಮೇ. ಆಮೇಲೆ ಆ ಬೆಟ್ಟದ ಮಗ್ಗುಲಲ್ಲಿ ನಿಂತು, ಹಲ್ಲು ಕಟಕಟಿಸುತ್ತ ಗರ್ಜಿಸಿದೆ: "ಕ್ಯಾ ಖಡೇ ಹೋ? ಚಲೋ! ಜಲ್ದೀ ಚಲೋ!" ಅಪ್ಪ, "ಜೀ ಸರ್!" ಅಂದರು. ಕಾಲೆತ್ತಿ ಇಟ್ಟರು. ನಾನು ಗರ್ಜಿಸುವುದು, ಅವರು "ಜೀ ಸರ್" ಎನ್ನುವುದು, ಒಂದು ಹೆಜ್ಜೆ. ಅವ್ವ ನಗುತ್ತ ಹಿಂದಿನಿಂದ ಅವರ ಸೊಂಟಕ್ಕೆ ಕೈ ಕೊಟ್ಟು ನೂಕುವುದು. ಹೀಗೆ ಸಾಹೇಬರು, ಗುಮಾಸ್ತರು, ಗುಮಾಸ್ತರ ಹೆಂಡತಿ ಮೂವರೂ ಆ ಏರು ಹತ್ತಿದೆವು.

ಮೇಲೆ ತಿರುವಿನಲ್ಲಿ ಶಿಮ್ಲಾ ಕಂಡಿತು. ಬೆಟ್ಟದ ಮೈತುಂಬ ತಗಡಿನ ಸೂರುಗಳು, ಅವುಗಳ ನಡುವೆ ದೇವದಾರು ಮರ. ಒಗ್ಗರಣೆಯ ಚುಕ್ಕಿ ಇಲ್ಲದ ಕ್ಯಾಲೆಂಡರು. ನಾನು ಬುಟ್ಟಿ ಇಳಿಸಿ "ಗೆದ್ದೆವು!" ಎಂದು ಕೂಗಿದೆ, ಈ ಬಾರಿ ನನ್ನದೇ ದನಿಯಲ್ಲಿ. ಆಗ ಅವ್ವನ ಸ್ವೆಟರಿನ ತೋಳಿನ ಮೇಲೆ ಏನೋ ಬಂದು ಕೂತಿತು. ಇನ್ನೊಂದು. ಮತ್ತೊಂದು. ಹಿಂಜಿದ ಅರಳೆಯ ಎಳೆ ಹಾರಿ ಬಂದ ಹಾಗೆ. ನೋಡುನೋಡುತ್ತ ಆಕಾಶವೇ ಸಡಿಲವಾಗಿ ಇಳಿಯತೊಡಗಿತು.

ಅವ್ವ ಸೆರಗು ಸರಿಸಿದಳು. ಮಂಕಿ ಟೋಪಿ ತೆಗೆದಳು. ಮುಖ ಮೇಲೆತ್ತಿ ಕಣ್ಣು ಮುಚ್ಚಿ ನಿಂತಳು. ಪಿಸುದನಿಯಲ್ಲಿ ಅಂದಳು: "ಸಪ್ಪಳಽ ಇಲ್ಲಲ್ಲೋ ಇದಕ್ಕ!"

ಹೌದಲ್ಲ ಎನಿಸಿತು. ನಮ್ಮ ಕಡೆ ಆಕಾಶದಿಂದ ಏನು ಬಿದ್ದರೂ ಸದ್ದು ಮಾಡಿಯೇ ಬೀಳುತ್ತದೆ. ಮಳೆ ತಗಡು ಬಡಿಯುತ್ತದೆ, ಆಲಿಕಲ್ಲು ಹಂಚು ಒಡೆಯುತ್ತದೆ. ಇದೊಂದು ಬೀಳುತ್ತಿತ್ತು, ಬೀಳುತ್ತಲೇ ಇತ್ತು, ಯಾರನ್ನೂ ಎಬ್ಬಿಸದೆ.

"ಮಂಗ್ಯಾ, ಎಲ್ಲಾರ ದನಿ ಮಾಡ್ತೀಯಲ್ಲ? ಮಾಡು ಇದರ ದನಿ," ಅಂದಳು ಅವ್ವ.

ಬಾಯಿ ತೆರೆದೆ. ಏನೂ ಬರಲಿಲ್ಲ. ತೆರೆದ ಬಾಯಿಯೊಳಗೆ ಹಿಮ ಬಿತ್ತು.

"ಬರೋಬರ್!" ಅವ್ವ ಚಪ್ಪಾಳೆ ತಟ್ಟಿದಳು. "ಇದಽ ನೋಡು ಇದರ ದನಿ! ಜನ್ಮದಾಗ ಒಮ್ಮಿ ಬರೋಬರ್ ಮಾಡಿದಿ!" ಅಪ್ಪ ಕೋಲು ಎತ್ತಿ ಹಿಡಿದು ಕೆಳಗಿನ ಕಣಿವೆಗೆಲ್ಲ ಕೇಳುವ ಹಾಗೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅವರ ಗುಂಡಿ ಬಿಚ್ಚಿಹೋಗಿತ್ತು, ಹಾಕಿಕೊಳ್ಳಲಿಲ್ಲ.

ಹಿಂದಿರುಗಿದ ಮೇಲೆ ಅಪ್ಪ ಸಾಹೇಬರಿಗೆ ಒಂದು ಪಹಾಡಿ ಟೋಪಿ ಕೊಟ್ಟರು. ಸಾಹೇಬರು ಅದನ್ನು ಹಾಕಿಕೊಂಡು, ಬಂದವರಿಗೆಲ್ಲ, "ಇವರನ್ನು ಶಿಮ್ಲಾಕ್ಕೆ ಕಳಿಸಿದ್ದೇ ನಾನು. ನಾನೇ ಫೋನ್ ಮಾಡಿ ಹೇಳಿದೆ," ಎಂದು ಕೊಚ್ಚಿಕೊಂಡರಂತೆ. ಮುಂದಿನ ಡಿಸೆಂಬರಿನಲ್ಲಿ ಇನ್ನಿಬ್ಬರು ಗುಮಾಸ್ತರಿಗೂ ರಜೆ ಸಿಕ್ಕಿತು. ನನ್ನ ನಕಲನ್ನು ಅಸಲು ನಕಲು ಮಾಡತೊಡಗಿತ್ತು. ಇದಕ್ಕಿಂತ ದೊಡ್ಡ ಪ್ರಶಸ್ತಿ ಮಿಮಿಕ್ರಿಯವನಿಗೆ ಬೇಕೇ? ಆದರೆ ಯಾರಿಗೂ ಹೇಳುವಂತಿರಲಿಲ್ಲ, ಅದೇ ಹೊಟ್ಟೆನೋವು.

ಅದಕ್ಕೇ ಮೊನ್ನೆ ಫ್ರಿಜ್ಜಿನ ಮುಂದೆ ಆ ವಾಸನೆ ಬಂದಾಗ ತಡೆದುಕೊಳ್ಳಲಾಗಲಿಲ್ಲ. ಅಪ್ಪ ಬರ್ಫದ ಖಾನೆಯೊಳಗೆ ಬೆರಳಾಡಿಸುತ್ತಿದ್ದರು. ಅವರ ಬೆನ್ನ ಹಿಂದೆ ನಿಂತು ಎರಡು ಸಲ ಕೆಮ್ಮಿದೆ. "ಬಂದ್ ಕರೋ ಫ್ರಿಜ್!"

ಅಪ್ಪ ಬೆಚ್ಚಲಿಲ್ಲ. ಗುಂಡಿಯ ಕಡೆ ಕೈ ಹೋಗಲಿಲ್ಲ. ತಿರುಗಿಯೂ ನೋಡಲಿಲ್ಲ. "ಸಾಹೇಬ್ರ, ಸ್ವಲ್ಪ ತಡೀರಿ. ಇನ್ನೊಂದೀಟು ಶಿಮ್ಲಾ ನೋಡ್ತೀನಿ," ಅಂದರು.

ನನಗೆ ಏನೋ ಹೊಳೆದಂತಾಯಿತು. "ಅಪ್ಪಾ, ಅವತ್ತಿನ ಆ ಫೋನು..."

"ಹೂಂ. ನೀನಽ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಆಮೇಲೆ ಕಿಸಕ್ಕನೆ ಒಂದು ನಗು. ಅವಳಿಗೂ ಗೊತ್ತಿತ್ತು! ಸುರಂಗ ದಾಟಿದಾಗ ಕುಣಿಯುತ್ತಿದ್ದ ಭುಜಗಳು ನೆನಪಾದವು.

"ಗೊತ್ತಿದ್ದೂ ಸಾಹೇಬ್ರ ಮುಂದ ಹೋಗಿ ಕೈ ಮುಗದು ನಿಂತ್ರಿ? ಅವರು 'ಯಾವ ಫೋನು' ಅಂದಿದ್ರ?"

"ಅವರು ಅನ್ನೂದಿಲ್ಲ ಅಂತ ಗೊತ್ತಿತ್ತು. ನೋಡೋ, ರಜಾ ಕೇಳಾಕ ನನಗ ಧೈರ್ಯ ಇರಲಿಲ್ಲ. ಥ್ಯಾಂಕ್ಸ್ ಹೇಳಾಕ ಎಂಥಾ ಧೈರ್ಯ ಬೇಕು?"

ಇಷ್ಟು ವರ್ಷ ಈ ಮನೆಯಲ್ಲಿ ಕಲಾವಿದ ನಾನೊಬ್ಬನೇ ಅಂದುಕೊಂಡಿದ್ದೆನಲ್ಲ! ದಿಲ್ಲಿಯ ಪ್ಲಾಟ್‌ಫಾರ್ಮಿನಿಂದ ಹಿಡಿದು ಬೆಟ್ಟದ ತುದಿಯವರೆಗೆ, "ಸಾಹೇಬ್ರು ಅಂದಾರ, ಸಾಹೇಬ್ರು ಅಂದಾರ" ಎಂದು ನನ್ನ ಕೈಯಲ್ಲೇ ಬುಟ್ಟಿ ಹೊರಿಸಿದ ಮನುಷ್ಯನನ್ನು ಹೊಸದಾಗಿ ನೋಡಿದೆ. ಆದರೂ ಕಸುಬಿನ ಅಭಿಮಾನ ಅಂತ ಒಂದಿರುತ್ತದಲ್ಲ. ಬಿಡಲಾಗಲಿಲ್ಲ.

"ಅಲ್ಲಪ್ಪಾ, ಗೊತ್ತಾದದ್ದು ಹೆಂಗ? ದನಿ ಬರೋಬರ್ ಇರಲಿಲ್ಲೇನು? ಕೆಮ್ಮು ಬರೋಬರ್ ಇರಲಿಲ್ಲೇನು?"

ಅಪ್ಪ ಫ್ರಿಜ್ಜಿನ ಬಾಗಿಲು ಹಾಕಿದರು. ತಣ್ಣಗಾದ ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿ ಹೇಳಿದರು:

"ದನಿ ಬರೋಬರ್ ಇತ್ತು. ಕೆಮ್ಮೂ ಬರೋಬರ್ ಇತ್ತು. ಆದ್ರ ಇಷ್ಟು ವರ್ಷದಾಗ ಸಾಹೇಬ ಒಂದು ದಿನರ ನನಗ 'ಕೂಡ್ರಿ' ಅಂದಾನೇನೋ?"